ಒಬ್ಬರಿಗಾ, ಮನೆಗಾ?

ಹೇಳಿಕೆಗೆಂದು ಬಂದವರನ್ನು ಪೂವಕ್ಕ ಜಗಲಿಯ ಬೆಂಚಿನಲ್ಲಿ ಕುಳ್ಳಿರಿಸಿ, ನೀರು ಬೆಲ್ಲ ಮುಂದಿಟ್ಟು, ತುಟಿಗಳ ನಡುವೆ ಕಚ್ಚಿ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಐದಾರು ಸೂಜಿಯಾದರೂ ಇರುತ್ತಿತ್ತು. ಅಷ್ಟೂ ಹೊರಗೆ ಬರುವವರೆಗೆ ಬಂದವರು ಬೆಲ್ಲ ಚೀಪುತ್ತ ಕಾಯಬೇಕು. ಕೊನೆಯ ಸೂಜಿ ಚುಚ್ಚಿಯಾದ ಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಹೇಳಿಕೆ ಒಬ್ಬರಿಗಾ, ಮನೆಗಾ?"

ನಮ್ಮ ಕಡೆ ಮದುವೆಗೋ ಮನೆಯೊಕ್ಕಲಿಗೋ ಮನೆಮನೆಗೆ ಹೋಗಿ ಕರೆಯುವುದನ್ನು ಹೇಳಿಕೆ ಎನ್ನುತ್ತೇವೆ. ಕಾಗದ ಅಚ್ಚು ಹಾಕಿಸಿದರೂ ಬಾಯಲ್ಲಿ ಹೇಳದಿದ್ದರೆ ಅದು ಹೇಳಿಕೆಯಲ್ಲ. ಹತ್ತಿರದವರಾದರೆ ಇಡೀ ಮನೆಗೆ ಹೇಳುತ್ತಾರೆ. ಉಳಿದವರಿಗೆ ಮನೆಗೊಬ್ಬರು ಬನ್ನಿ ಎನ್ನುತ್ತಾರೆ. ಒಬ್ಬರಿಗೆ ಹೇಳಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಆ ಒಬ್ಬರು ಇಡೀ ಮನೆಯ ಪರವಾಗಿ ಹೋಗಿ, ಪಂಕ್ತಿಯಲ್ಲಿ ಕೂತು ಉಂಡು, ಹೊರಡುವಾಗ ಆ ಮನೆಯವರು ಕೈಗೆ ಕೊಟ್ಟ ವೀಳ್ಯ ತೆಗೆದುಕೊಂಡು ಬರುತ್ತಾರೆ. ಸಾಧಾರಣವಾಗಿ ಅದು ಮನೆಯ ಯಜಮಾನ. ಇವೆಲ್ಲ ಮಾತಿನ ಧಾಟಿಯಲ್ಲೇ ತಿಳಿದುಕೊಳ್ಳಬೇಕಾದ ಸಂಗತಿಗಳು. ಬಾಯಿಬಿಟ್ಟು ಕೇಳುತ್ತಿದ್ದವರು ಇಡೀ ಕಡಬ ಪೇಟೆಯಲ್ಲಿ ಪೂವಕ್ಕ ಒಬ್ಬರೇ. ಕೇಳಿಸಿಕೊಂಡವರಿಗೆ ಮುಜುಗರವಾಗುತ್ತಿತ್ತು. ಅವರಿಗೆ ಬೇಕಾದದ್ದೂ ಅದೇ ಇರಬೇಕು.

ಆ ಪ್ರಶ್ನೆಗೆ ನಾನೂ ಒಮ್ಮೆ ಉತ್ತರ ಕೊಟ್ಟಿದ್ದೇನೆ. ಅವರ ಬಗ್ಗೆ ಬರೆಯಲು ಇಷ್ಟು ವರ್ಷ ಕೈ ಬಾರದೆ ಹೋದದ್ದು ಅದಕ್ಕೇ.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಮ್ಮ ಪೂವಕ್ಕನ ಹತ್ತಿರ ಹೊಲಿಗೆ ಕಲಿಯಲು ಕಳಿಸಿದಳು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೆಂಚಿನ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮೆಷಿನು, ಒಂದು ಉದ್ದದ ಮೇಜು, ಗೋಡೆಗೊಂದು ಕನ್ನಡಿ. ಪೂವಕ್ಕ ಎತ್ತರದ, ತೆಳ್ಳಗಿನ ಹೆಂಗಸು. ಅಳತೆಯ ಟೇಪು ಕರಿಮಣಿಯ ಹಾಗೆ ಸದಾ ಕೊರಳಲ್ಲಿ ಇರುತ್ತಿತ್ತು. ಆದರೆ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಣ್ಣಳತೆಯಲ್ಲಿ ಎದೆ, ತೋಳು, ಉದ್ದ ಎಲ್ಲ ಹೇಳಿಬಿಡುತ್ತಿದ್ದರು. ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ನನ್ನ ಮೊದಲ ತಿಂಗಳ ಹೊಲಿಗೆಯನ್ನು ಬೆಳಕಿಗೆ ಹಿಡಿದು ಅವರು ಹೇಳಿದ ಮಾತು ಈಗಲೂ ನೆನಪಿದೆ.

"ಎಂತ ಮಾರಾಯ್ತಿ, ಇದು ಹೊಲಿಗೆಯಾ, ಗದ್ದೆಹುಣಿಯಲ್ಲಿ ಏಡಿ ಹೋದ ದಾರಿಯಾ?"

ಹಾಗೆಂದು ಪೂರ್ತಿ ಬಿಚ್ಚಿಸಿ, ಮತ್ತೆ ಹೊಲಿಸಿ, ಮಧ್ಯಾಹ್ನ ತಮ್ಮ ಬಟ್ಟಲಿನ ಮೀನಿನ ದೊಡ್ಡ ತುಂಡನ್ನು ನನ್ನ ಅನ್ನದ ಮೇಲೆ ಹಾಕಿದ್ದರು.

ಆ ಮನೆಯಲ್ಲಿ ಪೂವಕ್ಕನ ಜೊತೆ ಅಮ್ಮಿಣಿ ನರ್ಸು ಇದ್ದರು. ಕಣ್ಣೂರಿನ ಆಚೆಯವರು. ಗಿಡ್ಡ, ದುಂಡಗೆ, ಬಿಳಿ ಸೀರೆ, ಕಪ್ಪು ಚೀಲ, ಬಿಸಿಲಿರಲಿ ಮೋಡವಿರಲಿ ಬಿಡಿಸಿದ ಕೊಡೆ. ತುಳು, ಕನ್ನಡ, ಮಲಯಾಳ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಹಾಗೆ ಮಾತಾಡುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಕೆಲಸಕ್ಕೆ ಸೇರಿದಾಗ ಬಾಡಿಗೆಗೊಂದು ಕೋಣೆ ಬೇಕೆಂದು ಪೂವಕ್ಕನ ತಂದೆಯ ಮನೆಗೆ ಬಂದವರು, ಆ ತಂದೆ ತೀರಿಕೊಂಡ ಮೇಲೂ ಅಲ್ಲೇ ಉಳಿದರು. ಪೂವಕ್ಕನಿಗೆ ಸಂಬಂಧಗಳು ಬಂದವಂತೆ. ಮೂರನೆಯದು ಬಂದಾಗ, ನನಗೆ ಮನೆ ಆಗಿದೆ, ಇನ್ನು ಬೇಡ ಎಂದು ಬಂದವರಿಗೆ ಚಾ ಕೊಟ್ಟು ಕಳಿಸಿದರಂತೆ.

ಊರವರು ಪಾಪ ಗಂಡು ಕೂಡಿಬರಲಿಲ್ಲ ಎಂದರು. ಇಬ್ಬರು ಅಕ್ಕಂದಿರು ಎಂದು ಕರೆದು ಸುಮ್ಮನಾದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೊದಲೇ ಹೋದ ನಾನು, ಹೆರಿಗೆಯೊಂದನ್ನು ಮುಗಿಸಿ ದಣಿದು ಬಂದಿದ್ದ ಅಮ್ಮಿಣಿ ನರ್ಸು ಪೂವಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನ್ನು ಕಂಡೆ. ಪೂವಕ್ಕ ಅವರ ಹಣೆಯ ಮೇಲೆ ಕೈಯಿಟ್ಟು ಕೂತಿದ್ದರು. ಮುಖದಲ್ಲಿದ್ದದ್ದು ಅಕ್ಕತಂಗಿಯರ ಪ್ರೀತಿಯಲ್ಲ ಎಂದು ನನಗೆ ಆ ವಯಸ್ಸಿನಲ್ಲೂ ತಿಳಿಯಿತು. ಅವರು ಗಾಬರಿಯಾಗಿ ಎದ್ದೇಳಲಿಲ್ಲ. ಬಾ, ಕೂತುಕೋ, ಆ ಅಂಗಿಗೆ ಕಾಜ ಹಾಕು ಎಂದರು ಅಷ್ಟೆ. ಅವರಿಬ್ಬರೂ ಗಂಡಹೆಂಡಿರಂತೆ ಬದುಕುತ್ತಿದ್ದರು ಎಂದು ಈಗ ನಾನು ನೇರವಾಗಿ ಬರೆಯಬಲ್ಲೆ. ಆಗ ಊರಿನಲ್ಲಿ ಅದಕ್ಕೊಂದು ಮಾತಿರಲಿಲ್ಲ.

ಅವರಿಗೊಬ್ಬಳು ಮಗಳಿದ್ದಳು, ರತ್ನ.

ರತ್ನ ಬಂದ ಕಥೆಯನ್ನು ಪೂವಕ್ಕ ಬಟ್ಟೆ ಕತ್ತರಿಸುತ್ತಲೇ ಹೇಳುತ್ತಿದ್ದರು. ಘಾಟಿಯಲ್ಲಿ ರೈಲು ದಾರಿಯ ಕೆಲಸ ನಡೆಯುತ್ತಿದ್ದ ಕಾಲ. ಗುಂಡ್ಯದಿಂದ ಮೇಲೆ ಕಾಡಿನಲ್ಲಿ ಎಲ್ಲೆಲ್ಲಿಯವರೋ ಬಂದು ಬಿಡಾರ ಹಾಕಿದ್ದರು. ಅವರಲ್ಲಿ ಯಲ್ಲಾಪುರದ ಕಡೆಯ ಸಿದ್ದಿ ಜನ ಒಂದೆರಡು ಸಂಸಾರ. ಎಷ್ಟೋ ತಲೆಮಾರಿನ ಹಿಂದೆ ಹಡಗಿನಲ್ಲಿ ಆಫ್ರಿಕಾದಿಂದ ತಂದವರ ಮಕ್ಕಳು ಮೊಮ್ಮಕ್ಕಳು ಅವರು. ನಮ್ಮ ಕಡೆ ಯಾರೂ ಅಂಥವರನ್ನು ನೋಡಿರಲಿಲ್ಲ. ಅಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಜೀಪು ಬಂತು. ಅಮ್ಮಿಣಿ ನರ್ಸು ತಲುಪುವಾಗ ತಾಯಿಯ ಜೀವ ಹೋಗುವುದರಲ್ಲಿತ್ತು. ಗಂಡ ಅದಕ್ಕೂ ಮೊದಲೇ ಜ್ವರದಲ್ಲಿ ತೀರಿದ್ದ. ಅಮ್ಮಿಣಿ ನರ್ಸು ಮಗುವನ್ನು ಸೆರಗಿನಲ್ಲಿ ಸುತ್ತಿ, ಮಂಗಳೂರಿನ ಅನಾಥಾಶ್ರಮಕ್ಕೆ ಸೇರಿಸುವವರೆಗೆ ಎರಡು ದಿನ ಎಂದು ಮನೆಗೆ ತಂದರು. ತಾಯಿಯ ಹೆಸರು ರತ್ನ ಎಂಬುದೊಂದು ಬಿಡಾರದವರಿಗೆ ಗೊತ್ತಿತ್ತು. ಅದನ್ನೇ ಮಗುವಿಗಿಟ್ಟು ಕರೆದರು.

ಮೂರನೆಯ ದಿನ ಮಗುವನ್ನು ಒಯ್ಯಲು ಜೀಪು ಬಂದಾಗ ಪೂವಕ್ಕ ಮೇಜಿನ ಮೇಲೆ ಪುಟ್ಟ ಪುಟ್ಟ ಅಂಗಿಗಳನ್ನು ಕತ್ತರಿಸುತ್ತಿದ್ದರಂತೆ. ಒಮ್ಮೆ ಕತ್ತರಿ ಹಾಕಿದ ಬಟ್ಟೆಯನ್ನು ಹಿಂದಕ್ಕೆ ಕೊಡುವ ಕ್ರಮ ಅವರ ಅಂಗಡಿಯಲ್ಲಿ ಇರಲಿಲ್ಲ.

"ಕತ್ತರಿಸಿ ಆಗಿದೆ. ಇನ್ನು ಎಂತ ಮಾಡ್ಲಿಕ್ಕುಂಟು?" ಎಂದರಂತೆ. ಜೀಪಿನವನು ಹಾಗೇ ಹೋದ.

ಶಾಲೆಗೆ ಸೇರಿಸುವಾಗ ತಂದೆಯ ಹೆಸರೇನು ಎಂದು ಮಾಸ್ಟ್ರು ಕೇಳಿದರು. ತಂದೆ ಇಲ್ಲ ಎಂದರೆ ಬರೆಯದೆ ಬಿಡಲಿಕ್ಕೆ ಆಗುವುದಿಲ್ಲ ಎಂದೂ ಹೇಳಿದರು. "ತಾಯಂದಿರು ಇಬ್ಬರಿದ್ದಾರೆ ಮಾಸ್ಟ್ರೆ. ಒಬ್ಬರನ್ನು ಅಲ್ಲಿ ಬರೀರಿ," ಎಂದರು ಪೂವಕ್ಕ. ಮಾಸ್ಟ್ರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ತಂದೆಯ ಜಾಗದಲ್ಲಿ ಕೆ. ಅಮ್ಮಿಣಿ ಎಂದು ಬರೆದರು. ಓದಿದವರಿಗೆ ಯಾವುದೋ ಮಲಯಾಳಿ ಗಂಡಸಿನ ಹೆಸರೆಂದು ತೋರಿದರೆ ತೋರಲಿ ಎಂದಿರಬೇಕು. ರತ್ನ ಪೂವಕ್ಕನನ್ನು ತುಳುವಿನಲ್ಲಿ ಅಪ್ಪೆ ಎನ್ನುತ್ತಿದ್ದಳು, ಅಮ್ಮಿಣಿ ನರ್ಸನ್ನು ಅಮ್ಮ ಎನ್ನುತ್ತಿದ್ದಳು. ಎರಡೂ ತಾಯಿಯೇ.

ಆ ಮಗುವಿನ ತಲೆಗೂದಲು ಇಬ್ಬರಿಗೂ ದೊಡ್ಡ ಪರೀಕ್ಷೆ. ಒತ್ತಾದ, ಸುರುಳಿ ಸುರುಳಿ ಕೂದಲು. ನಮ್ಮ ಬಾಚಣಿಗೆಯ ಹಲ್ಲುಗಳೆಲ್ಲ ಅದರಲ್ಲಿ ಮುರಿದು ಉಳಿಯುತ್ತಿದ್ದವು. ಬೋಳಿಸಿಬಿಡಿ ಎಂದು ನೆರೆಯವರು ಸಲಹೆ ಕೊಟ್ಟರು. ಪೂವಕ್ಕ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ತೆಂಗಿನೆಣ್ಣೆಯ ಗಿಂಡಿ ಇಟ್ಟುಕೊಂಡು ಕೂತು, ಕೂದಲನ್ನು ಕೈಬೆರಳಲ್ಲೇ ಬಿಡಿಸಿ, ಪಾಲು ಪಾಲು ಮಾಡಿ, ತಲೆಗೆ ಒತ್ತಿದಂತೆ ಸಣ್ಣ ಸಣ್ಣ ಜಡೆ ಹೆಣೆದು, ತುದಿಗೆ ಕಾಜದ ನೂಲು ಕಟ್ಟುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಹೊಲಿದು ಬಿಚ್ಚಿ ಕಲಿತ ಕೈ ಅದು. ನಾನು ಕಲಿತ ಮೇಲೆ ಆ ಕೆಲಸ ನನಗೆ ಬಂತು. ರತ್ನ ನನ್ನ ತೊಡೆಗೆ ಬೆನ್ನು ಕೊಟ್ಟು ಕೂತು, ಮಗ್ಗಿ ಹೇಳುತ್ತ, ಕೊನೆಗೆ ಅಲ್ಲೇ ನಿದ್ದೆ ಹೋಗುತ್ತಿದ್ದಳು. ನಾಲ್ಕು ವರ್ಷ ಆ ತಲೆ ಬಾಚಿದವಳು ನಾನು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು.

ಹೇಳಿಕೆಯ ವಿಷಯಕ್ಕೆ ಬರುತ್ತೇನೆ. ಆ ಮನೆಗೆ ಎಲ್ಲರೂ ಒಬ್ಬರಿಗೇ ಹೇಳುತ್ತಿದ್ದರು. ರವಕೆ ಹೊಲಿಸಿಕೊಂಡವರು, ಹೆರಿಗೆ ಮಾಡಿಸಿಕೊಂಡವರು ಹೇಳದೆ ಬಿಡುವ ಹಾಗಿಲ್ಲ; ಮೂವರೂ ಒಟ್ಟಿಗೆ ಚಪ್ಪರದಲ್ಲಿ ಕೂತರೆ ಯಾರು ಯಾರಿಗೆ ಏನು ಎಂಬ ಪ್ರಶ್ನೆ ಬರುತ್ತದೆ. ಒಬ್ಬರಿಗೆ ಹೇಳಿದರೆ ಎರಡೂ ತೊಡಕು ತಪ್ಪಿತು. ರತ್ನನಿಗೆ ಆರು ವರ್ಷವಾಗುವವರೆಗೆ ಇಬ್ಬರಲ್ಲಿ ಒಬ್ಬರು ಹೋಗಿ ಬರುತ್ತಿದ್ದರು. ಆ ವರ್ಷ ಪೇಟೆಯ ದೊಡ್ಡ ಮನೆಯೊಂದರ ಮದುವೆಗೆ ಪೂವಕ್ಕ ರತ್ನನನ್ನು ಕಳಿಸಿದರು, ಒಬ್ಬಳನ್ನೇ.

ಹೊಸ ಫ್ರಾಕು, ತಲೆತುಂಬ ಜಡೆ, ಕೈಯಲ್ಲಿ ಮದುಮಗಳಿಗೆ ಒಂದು ರವಕೆ ಕಣ. ಯಾರಾದರೂ ಕೇಳಿದರೆ ಹೇಳಬೇಕಾದ ಮಾತನ್ನು ವಾರವಿಡೀ ಬಾಯಿಪಾಠ ಮಾಡಿಸಿದ್ದರು: "ನಮ್ಮ ಮನೆಗೆ ಹೇಳಿದ ಒಬ್ಬರು ನಾನೇ." ಮಜ್ಜಿಗೆ ಬಡಿಸುವವರೆಗೆ ಪಂಕ್ತಿಯಿಂದ ಏಳಬಾರದು. ವೀಳ್ಯ ಕೊಡದೆ ಹೊರಡಬಾರದು.

ಆ ಮದುವೆಯಲ್ಲಿ ನಾನೂ ಇದ್ದೆ. ಹುಡುಗಿ ಹೋಗಿ ಪಂಕ್ತಿಯಲ್ಲಿ ಕೂತಳು. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಮನೆಯ ಯಜಮಾನರು ಬಂದು ಯಾರ ಮನೆಯ ಮಗು ಎಂದು ಕೇಳಿದರು. ಅವಳು ಪಾಠ ಒಪ್ಪಿಸಿದಳು. ಯಜಮಾನರಿಗೆ ಸಿಟ್ಟು ಬಂತೋ ನಗು ಬಂತೋ ಗೊತ್ತಿಲ್ಲ, ಆದರೆ ಹೇಳಿಕೆ ಕೊಟ್ಟವರು ಅವರೇ, ಮನೆಯಿಂದ ಯಾರು ಬರಬೇಕೆಂದು ಅವರು ಹೇಳಿರಲಿಲ್ಲ. ಬಡಿಸಿದರು. ಹೊರಡುವಾಗ ಆ ಸಣ್ಣ ಕೈಗೆ ಐದು ಎಲೆ, ಒಂದು ಅಡಿಕೆ ಇಟ್ಟರು. ಪೂವಕ್ಕ ಆ ವೀಳ್ಯವನ್ನು ಹರಿವಾಣದಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಅಮ್ಮಿಣಿ ನರ್ಸೂ ಅವರೂ ಅದನ್ನು ಹಂಚಿಕೊಂಡು ತಿಂದರು.

ಅಲ್ಲಿಂದ ಮುಂದೆ ಎಲ್ಲ ಹೇಳಿಕೆಗೂ ರತ್ನನೇ. ಶಾಲೆಯಲ್ಲಿ ಆಫ್ರಿಕಾ ಎಂದು ಕೂಗುತ್ತಿದ್ದ ಮಕ್ಕಳ ಪಕ್ಕದಲ್ಲೇ ಅವಳು ಪಂಕ್ತಿಯಲ್ಲಿ ಉಂಡಳು. ಒಂದೊಂದೇ ಮನೆಯ ವೀಳ್ಯ ಪೂವಕ್ಕನ ಹರಿವಾಣಕ್ಕೆ ಬಂತು. ಮೂರು ವರ್ಷದಲ್ಲಿ ಜನ ಅವಳನ್ನು ಪೂವಕ್ಕನ ಮನೆಯ ಮಗು ಎಂದು ಗುರುತಿಸತೊಡಗಿದರು. ಒಬ್ಬಿಬ್ಬರು ಮಗಳು ಎಂದೂ ಹೇಳಿದರು. ದತ್ತುಪತ್ರ ಮಾಡಿಕೊಡುವ ವಕೀಲರು ಆ ಕಾಲಕ್ಕೆ ಪುತ್ತೂರಿನಲ್ಲೂ ಇದ್ದರು. ಆದರೆ ಗಂಡನಿಲ್ಲದ ಇಬ್ಬರು ಹೆಂಗಸರಿಗೆ ಒಟ್ಟಿಗೆ ಒಂದು ಮಗುವನ್ನು ಬರೆದುಕೊಡುವ ಕಾಗದ ಯಾರ ಬಳಿಯೂ ಇರಲಿಲ್ಲ. ಪೂವಕ್ಕ ಊರಿನ ಪಂಕ್ತಿಯಲ್ಲೇ ಅದನ್ನು ಬರೆಸಿಕೊಳ್ಳುತ್ತಿದ್ದರು.

ಆಮೇಲೆ ನನ್ನ ಮದುವೆ ಗೊತ್ತಾಯಿತು.

ಗಂಡಿನ ಕಡೆಯವರು ಸುಳ್ಯದವರು, ನಮಗಿಂತ ಒಂದು ಕೈ ಮೇಲು. ಅಮ್ಮ ಇದನ್ನು ದಿನಕ್ಕೆ ಮೂರು ಹೊತ್ತು ನೆನಪಿಸುತ್ತಿದ್ದಳು. ಧಾರೆಯ ರವಕೆ ಹೊಲಿಯುವುದು ಪೂವಕ್ಕನೇ ಆದ್ದರಿಂದ ಆ ಮನೆಗೆ ಹೇಳಿಕೆ ನಾನೇ ಕೊಡುತ್ತೇನೆಂದೆ. ಒಬ್ಬರಿಗೆ ಸಾಕು, ಮತ್ತೆ ಪೂವಕ್ಕನೇ ಬರಲಿ ಎಂದು ಹೇಳು ಎಂದಳು ಅಮ್ಮ. ದಾರಿಯುದ್ದಕ್ಕೂ ನಾನು ಮನೆಗೆ ಎಂದೇ ಹೇಳುವುದೆಂದು ನಿರ್ಧರಿಸಿಕೊಂಡು ಹೋದೆ. ಪೂವಕ್ಕ ನೀರು ಬೆಲ್ಲ ಇಟ್ಟರು. ನಾಲ್ಕು ವರ್ಷ ಅವರ ಬಟ್ಟಲಿನಿಂದ ಉಂಡವಳಿಗೆ ನೀರು ಬೆಲ್ಲ. ಸೂಜಿಗಳನ್ನು ತೆಗೆದರು. ಎಲ್ಲರಿಗೆ ಕೇಳಿದ ಪ್ರಶ್ನೆಯನ್ನೇ ನನಗೂ ಕೇಳಿದರು, ಆದರೆ ನಗುತ್ತ ಕೇಳಿದರು. ಉತ್ತರ ಗೊತ್ತಿದೆ ಎಂಬ ನಗು.

ಒಬ್ಬರಿಗೆ ಎಂದೆ. ಚಪ್ಪರ ಸಣ್ಣದು ಎಂದೆ. ನೀವೇ ಬನ್ನಿ ಅಕ್ಕ ಎಂದೂ ಸೇರಿಸಿದೆ.

ನಗು ಒಮ್ಮೆಲೇ ಹೋಗಲಿಲ್ಲ, ನಿಧಾನವಾಗಿ ಹೋಯಿತು. "ಒಬ್ಬರಿಗೆ ಹೇಳಿದ್ರೆ ಯಾರನ್ನು ಕಳಿಸುದು ಅಂತ ಮನೆಯವರ ಇಷ್ಟ ಅಲ್ವಾ ವಾರಿಜಾ," ಎಂದು ಸೂಜಿಗಳನ್ನು ಮತ್ತೆ ತುಟಿಗೆ ಇಟ್ಟುಕೊಂಡರು.

ರತ್ನ ಬಂದಳು. ಒಂಬತ್ತು ವರ್ಷ, ನೀಲಿ ಲಂಗ, ಕಿವಿಗೆ ಅಮ್ಮಿಣಿ ನರ್ಸಿನ ಓಲೆ. ಧಾರೆ ಮುಗಿದು ನನ್ನನ್ನೂ ನನ್ನ ಗಂಡನನ್ನೂ ಪಂಕ್ತಿಯ ತಲೆಯಲ್ಲಿ ಕುಳ್ಳಿರಿಸಿದ್ದರು. ರತ್ನ ಎದುರು ಸಾಲಿನಲ್ಲಿ ಕೂತಳು, ನನಗೆ ಕಾಣುವ ಹಾಗೆ. ನನ್ನನ್ನು ನೋಡಿ ಅವಳು ನಕ್ಕಳು. ಅವಳ ಎಡಗಡೆಗೆ ನನ್ನ ಅತ್ತೆಯ ಕಡೆಯ ಹೆಂಗಸರು. ಅತ್ತೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ ಅದು ಯಾರು ಎಂದು ಕೇಳಿದರು.

ನಾನು ಹೇಳಬೇಕಿದ್ದದ್ದು ಮೂರು ಶಬ್ದ, ನನ್ನ ಟೀಚರರ ಮಗಳು. ಅವುಗಳ ಹಿಂದೆಯೇ ಬರುವ ಪ್ರಶ್ನೆಗಳೆಲ್ಲ ನನಗೆ ಕಂಡವು. ಟೀಚರರ ಗಂಡ ಯಾರು, ಇವಳೇಕೆ ಹೀಗಿದ್ದಾಳೆ, ಆ ನರ್ಸು ಯಾರು, ನೀನು ಕಲಿತದ್ದು ಎಂಥ ಮನೆಯಲ್ಲಿ.

"ಟೈಲರ್ ಅಂಗಡಿಯ ಕೆಲಸದ ಹುಡುಗಿ," ಎಂದೆ.

ಅತ್ತೆ ಕೆಟ್ಟ ಹೆಂಗಸಲ್ಲ. ಕೆಲಸದವರಿಗೆ ಹಿಂದೆ ದನದ ಹಟ್ಟಿಯ ಪಕ್ಕದಲ್ಲಿ ಬಡಿಸುತ್ತಾರೆ ಎಂಬುದು ಅವರಿಗೆ ಗೊತ್ತಿದ್ದ ಕ್ರಮ. ಬಡಿಸುವವರನ್ನು ಕರೆದು ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿದರು. ಬಡಿಸುವವರು ನಮ್ಮೂರಿನವರೇ, ಅವಳನ್ನು ಬಲ್ಲವರೇ. ಅವರು ಅನುಮಾನಿಸಿದರು. ರತ್ನ ಕೂತಲ್ಲಿಂದಲೇ, ಕಲಿಸಿದ್ದಷ್ಟನ್ನೇ ಹೇಳಿದಳು. "ನಮ್ಮ ಮನೆಗೆ ಹೇಳಿದ ಒಬ್ಬರು ನಾನೇ." ಆಮೇಲೆ ನನ್ನ ಕಡೆ ನೋಡಿದಳು. ಬಡಿಸುವವರೂ ನನ್ನ ಕಡೆ ನೋಡಿದರು. ಹೇಳಿಕೆ ಕೊಟ್ಟವಳು ನಾನೇ ಎಂದು ಅವರಿಗೂ ಗೊತ್ತಿತ್ತು.

ನಾನು ತಲೆ ತಗ್ಗಿಸಿ ಕೈಯ ಮದರಂಗಿ ನೋಡಿದೆ. ಮದುಮಗಳು ತಲೆ ತಗ್ಗಿಸಿ ಕೂರುವುದು ಕ್ರಮವಾದ್ದರಿಂದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ತಲೆ ಎತ್ತುವ ಹೊತ್ತಿಗೆ ಅವಳು ಎದ್ದಿದ್ದಳು. ಇನ್ನೂ ಏನೂ ಬಡಿಸದ ಬಾಳೆಲೆಯನ್ನು, ಉಂಡವರು ಮಡಚುವ ಹಾಗೆ ಮಡಚಿ ಇಟ್ಟಿದ್ದಳು. ಹಟ್ಟಿಯ ಕಡೆಗೆ ಹೋಗಲಿಲ್ಲ. ಚಪ್ಪರ ದಾಟಿ ರಸ್ತೆಗೆ ಇಳಿದಳು. ಆ ಜಾಗದಲ್ಲಿ ಬೇರೆ ಯಾರೋ ಬಂದು ಕೂತರು, ಊಟ ಸಾಗಿತು. ನಾನು ಪಾಯಸ ಉಂಡೆ. ಉಂಡದ್ದು ನೆನಪಿದೆ.

ಹದಿನೈದು ದಿನ ಕಳೆದು ತವರಿಗೆ ಬಂದಾಗ ಪೂವಕ್ಕನ ಅಂಗಡಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೊರಟವಳು ನೆಪಕ್ಕೆ ಧಾರೆಯ ರವಕೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ರತ್ನ ಶಾಲೆಗೆ ಹೋಗಿದ್ದಳು. ಪೂವಕ್ಕ ನೀರು ಬೆಲ್ಲ ಇಡಲಿಲ್ಲ, ಚಾ ಮಾಡಿ ಕೊಟ್ಟರು. ಅದೇ ನನಗೆ ಇನ್ನೂ ಕಷ್ಟವಾಯಿತು. ಗಂಡನ ಮನೆ ಹೇಗೆ, ಅತ್ತೆ ಹೇಗೆ ಎಂದೆಲ್ಲ ವಿಚಾರಿಸಿದರು. ಬಹಳ ಹೊತ್ತಿನ ಮೇಲೆ, ಕತ್ತರಿ ಕೆಳಗಿಟ್ಟು ಹೇಳಿದರು.

"ಊಟ ಚಂದ ಇತ್ತು ಅಂತ ಹೇಳಿದ್ಲು ನಮ್ಮ ಹುಡುಗಿ. ಪಾಯಸ ಎರಡು ಸಲ ಬಡಿಸಿದ್ರಂತೆ. ನೀನು ಚಂದ ಕಾಣ್ತಿದ್ದೆಯಂತೆ." ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡರು. "ವೀಳ್ಯ ಎಲ್ಲಿ ಅಂತ ನಾನು ಕೇಳ್ಲಿಲ್ಲ."

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ರವಕೆಯನ್ನು ಮುಂದೆ ಚಾಚಿ ತೋಳು ಸ್ವಲ್ಪ ಬಿಗಿಯಾಗುತ್ತದೆ ಎಂದೆ. ಅವರು ಅದನ್ನು ತೆಗೆದುಕೊಂಡು ಬಿಚ್ಚಿ, ಅಲ್ಲೇ ಹೊಲಿದು ಕೊಟ್ಟರು. ತೋಳು ಬಿಗಿಯೇನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅವರ ಕಣ್ಣಳತೆ ತಪ್ಪುವುದುಂಟೆ?

ಆ ಮೇಲೆ ನಡೆದದ್ದನ್ನು ಅಮ್ಮ ಹೇಳಿ ತಿಳಿದುಕೊಂಡೆ. ಒಬ್ಬರಿಗೆ ಹೇಳಲು ಬಂದವರಿಗೆ ಪೂವಕ್ಕ, ಹೇಳುವುದಾದರೆ ಮನೆಗೆ ಹೇಳಿ, ಇಲ್ಲದಿದ್ದರೆ ಬೆಲ್ಲ ತಿಂದು ಹೋಗಿ ಎನ್ನತೊಡಗಿದರು. ಜನ ಬೆಲ್ಲ ತಿಂದು ಹೋದರು. ಮರು ವರ್ಷ ಬೆಲ್ಲ ತಿನ್ನಲೂ ಬರಲಿಲ್ಲ. ಇನ್ನೊಂದು ಸಂಗತಿಯನ್ನು ಅಮ್ಮ ತಪ್ಪೆಂದು ತಿಳಿಯದೆಯೇ ಹೇಳಿದಳು: ರತ್ನ ಆ ಮನೆಯ ಕೆಲಸದ ಹುಡುಗಿ, ಅಲ್ಲೇ ನಾಲ್ಕು ವರ್ಷ ಕಲಿತ ವಾರಿಜನೇ ಹೇಳಿದ್ದಾಳೆ ಎಂದು ಪೇಟೆಯಲ್ಲಿ ಮಾತಾಯಿತಂತೆ. ಮೂರು ವರ್ಷ ಒಂದೊಂದೇ ಪಂಕ್ತಿಯಲ್ಲಿ ಆ ಹುಡುಗಿ ಕೂತು ಗಳಿಸಿದ್ದನ್ನು ನಾನು ಒಂದು ಮಾತಿನಲ್ಲಿ ಕಳೆದಿದ್ದೆ. ಸುಳ್ಯದಿಂದ ಕಡಬ ದೂರವೇನಲ್ಲ. ತವರಿಗೆ ಹೋದಾಗೆಲ್ಲ ಅಂಗಡಿಯ ಮುಂದೆ ಬಸ್ಸು ಹೋಗುತ್ತಿತ್ತು. ನಾನು ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ.

ಒಮ್ಮೆ ಮಾತ್ರ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ತಲೆ ನರೆತಿತ್ತು, ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತು ಬಸ್ಸು ಹತ್ತಿದ್ದರು. ರತ್ನ ಪುತ್ತೂರಿನಲ್ಲಿ ಕಾಲೇಜಿಗೆ ಸೇರಿದ್ದಾಳೆ, ನರ್ಸಿಂಗ್ ಓದುತ್ತಾಳಂತೆ ಅಮ್ಮನ ಹಾಗೆ ಎಂದರು. ನನ್ನ ಮಗನ ಗಲ್ಲ ಹಿಡಿದು, ಅಂಗಿ ಯಾರು ಹೊಲಿದದ್ದು, ಭುಜ ಇಳಿದಿದೆಯಲ್ಲ ಎಂದರು. ಬಸ್ಸು ಬಂತು. ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ನಾಲ್ಕು ದಿನವಾಗಿತ್ತು. ಹೋಗಲಿಲ್ಲ. ಇನ್ನು ಹೋಗಿ ಏನು ಎಂದುಕೊಂಡೆ. ಆರನೆಯ ದಿನ ಮಧ್ಯಾಹ್ನ ನಮ್ಮ ಅಂಗಳಕ್ಕೆ ರತ್ನ ಬಂದಳು. ಎತ್ತರಕ್ಕೆ ಬೆಳೆದಿದ್ದಳು. ತಲೆಗೆ ಒತ್ತಿದಂತೆ ಅದೇ ಜಡೆಗಳು, ತಾನೇ ಹಾಕಿಕೊಂಡದ್ದಿರಬೇಕು. ಕೂರಲಿಲ್ಲ, ಸಾವಿನ ಹೇಳಿಕೆಯನ್ನು ನಿಂತೇ ಹೇಳುವುದು.

ಒಳಗಿನಿಂದ ಅತ್ತೆ, ಯಾರು ಬಂದದ್ದು ಎಂದು ಕೇಳಿದರು. ರತ್ನ ನನ್ನ ಮುಖ ನೋಡಿದಳು. ಒಂಬತ್ತು ವರ್ಷದವಳು ನೋಡಿದ ಹಾಗೆಯೇ.

"ಪೂವಕ್ಕನ ಮಗಳು," ಎಂದೆ. ಅದನ್ನು ಕೇಳಬೇಕಾದವರು ಇರಲಿಲ್ಲ.

ಹದಿಮೂರಕ್ಕೆ ಬೊಜ್ಜ, ಉತ್ತರಕ್ರಿಯೆ. "ಹೇಳಿಕೆ ಇಡೀ ಮನೆಗೆ, ವಾರಿಜಕ್ಕ," ಎಂದಳು ರತ್ನ. "ಯಾರಿಗೂ ಒಬ್ಬರಿಗೆ ಅಂತ ಹೇಳ್ಬಾರ್ದು ಅಂತ ಅಪ್ಪೆ ಹೇಳಿ ಹೋಗಿದ್ದಾರೆ. ನೀವು ಎಷ್ಟು ಜನ?" ನಾಲ್ವರು ಎಂದೆ. ಅವಳು ತಲೆಯಾಡಿಸಿ ಅಂಗಳ ದಾಟಿ ಹೋದಳು. ಇನ್ನೂ ಸುಮಾರು ಮನೆಗಳಿಗೆ ಹೇಳುವುದಿತ್ತು.

ಅತ್ತೆ ಬರುವ ಮಾತೇ ಇರಲಿಲ್ಲ. ಮನೆಗೊಬ್ಬರು ಹೋದರೆ ಸಾಕಲ್ಲ, ನೀನೇ ಹೋಗು ಎಂದರು ನನ್ನ ಗಂಡ. ಮಗನಿಗೆ ಶಾಲೆ. ಹಟ ಮಾಡಿ ಕರೆದುಕೊಂಡು ಹೋಗಬಹುದಿತ್ತು, ಮಾಡಲಿಲ್ಲ.

ಅಂಗಡಿಯ ಮೆಷಿನುಗಳನ್ನು ಗೋಡೆಗೆ ಸರಿಸಿ ಅಲ್ಲೇ ಪಂಕ್ತಿ ಹಾಕಿದ್ದರು. ಊರಿನವರು ಬಂದಿದ್ದರು, ನಾನು ಎಣಿಸಿದ್ದಕ್ಕಿಂತ ಹೆಚ್ಚು; ಆದರೆ ಹೆಚ್ಚಿನ ಮನೆಗಳಿಂದ ಒಬ್ಬೊಬ್ಬರೇ. ಅಮ್ಮಿಣಿ ನರ್ಸು ಒಳಬಾಗಿಲಿಗೆ ಒರಗಿ ಕೂತಿದ್ದರು, ಪೂವಕ್ಕನ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ನನ್ನನ್ನು ಗುರುತಿಸಿ ಕಾಜ ಹಾಕುವ ಹುಡುಗಿ ಎಂದರು. ರತ್ನ ನನ್ನನ್ನು ಕರೆದು ಕುಳ್ಳಿರಿಸಿದಳು. ನನ್ನ ಬಾಳೆಯ ಪಕ್ಕದಲ್ಲಿ ಸಾಲಾಗಿ ಇನ್ನೂ ಮೂರು ಬಾಳೆ. ಮನೆಯವರು ಬರಲಿಲ್ಲ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಬಡಿಸತೊಡಗಿದ್ದಳು. ನಾಲ್ಕು ಬಾಳೆಗೂ ಬಡಿಸಿದಳು. ಉಪ್ಪು, ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು. ಪಾಯಸವನ್ನೂ ನಾಲ್ಕಕ್ಕೂ ಬಡಿಸಿದಳು. ಕರೆದವರಿಗೆ ಬಡಿಸಬೇಕು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಸಾಲಿನಲ್ಲಿದ್ದವರೆಲ್ಲ ಆ ಮೂರು ಬಾಳೆಗಳನ್ನು ನೋಡಿ ಮತ್ತೆ ತಮ್ಮ ತಮ್ಮ ಬಾಳೆ ನೋಡಿಕೊಂಡರು.

ಮಜ್ಜಿಗೆಯವರೆಗೆ ಕೂತೆ. ಎಲ್ಲರೂ ಎದ್ದರು. ನನ್ನ ಬಾಳೆ ಮಡಚಿದೆ. ಪಕ್ಕದವನ್ನೂ ಮಡಚಲು ಕೈ ಚಾಚಿದಾಗ ರತ್ನ ಬಂದು ನನ್ನ ಮಣಿಕಟ್ಟು ಹಿಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬಿಡಿ ವಾರಿಜಕ್ಕ. ಉಣ್ಣದ ಬಾಳೆ ಮಡಚಿ ನನಗೆ ಗೊತ್ತುಂಟು."

ಮೂರನ್ನೂ ಒಂದೊಂದಾಗಿ ಮಡಚಿ ಎತ್ತಿಕೊಂಡು ಹಿಂದೆ ಹೋದಳು. ನಾನು ಕೈ ತೊಳೆದು ಬಂದು ಬಾಗಿಲಲ್ಲಿ ನಿಂತೆ. ಬೊಜ್ಜದ ಮನೆಯಿಂದ ಬರುತ್ತೇನೆ ಎಂದು ಹೇಳಿ ಹೊರಡುವ ಕ್ರಮ ನಮ್ಮಲ್ಲಿಲ್ಲ, ಸುಮ್ಮನೆ ಹೊರಟುಬಿಡಬೇಕು. ಈ ಸಲವೂ ನನಗೊಂದು ಕ್ರಮ ಒದಗಿತು. ಅವಳು ಹಿಂದಿನ ಅಂಗಳದಿಂದ ತಿರುಗಿ ಬರುವ ಮೊದಲೇ ನಾನು ಮೆಟ್ಟಿಲಿಳಿದು ಬಸ್ಸಿನ ಕಡೆಗೆ ನಡೆದೆ.